ಒಂದೇ ಅರ್ಥ, ಎರಡು ಅಂತಸ್ತು

ನಾನು ಪಿ.ಯು.ಸಿ. ಓದುತ್ತಿದ್ದಾಗ, ಇಂಗ್ಲಿಷಿನಲ್ಲಿ ದಿನಚರಿ ಬರೆದು ತರಬೇಕೆಂದು ನಮ್ಮ ಮೇಷ್ಟರು ಕಟ್ಟುಮಾಡಿದ್ದರು. ರಾತ್ರಿ ಎಂಟಕ್ಕೆ ಊಟಕ್ಕೆ ತೊಡಗಿದೆನೆಂದು ಹೇಳಲು ನಿಘಂಟು ನೋಡಿ 'ಕಮೆನ್ಸ್' ಎಂಬ ಪದವನ್ನು ಹಾಕಿದೆ. ಮೇಷ್ಟರು ಅದನ್ನು ಗಟ್ಟಿಯಾಗಿ ಓದಿ, "ಏನಪ್ಪಾ, ಊಟಕ್ಕೆ ಕೂತೆಯೋ, ಮಹಾಸಭೆ ಪ್ರಾರಂಭ ಮಾಡಿದೆಯೋ?" ಎಂದರು. ತರಗತಿಯೆಲ್ಲ ನಕ್ಕಿತು. ನಿಘಂಟಿನಲ್ಲಿ 'ಬಿಗಿನ್', 'ಕಮೆನ್ಸ್' ಎರಡಕ್ಕೂ ಒಂದೇ ಅರ್ಥ. ತಪ್ಪೇನೆಂದು ತಿಳಿಯದೆ, ನಾನು ದಡ್ಡನೆಂದೇ ಬಹುಕಾಲ ನಂಬಿದ್ದೆ.

ಕೊರತೆ ಬುದ್ಧಿಯದಲ್ಲ, ಚರಿತ್ರೆಯ ತಿಳಿವಿನದು ಎಂಬುದು ಅನಂತರ ಗೊತ್ತಾಯಿತು. 1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಹೇಸ್ಟಿಂಗ್ಸ್ ಕಾಳಗವನ್ನು ಗೆದ್ದು ಇಂಗ್ಲೆಂಡಿನ ದೊರೆಯಾದ. ಅವನೊಡನೆ ಬಂದ ಪ್ರಭುಗಳ ನುಡಿ ಫ್ರೆಂಚು. ಅರಮನೆಯಲ್ಲಿ ಅದೇ ಮೆರೆಯಿತು. ಪಂಡಿತರಿಗೆ ಲ್ಯಾಟಿನ್ ಇತ್ತು. ಹೊಲದಲ್ಲಿ, ಒಲೆಯ ಬಳಿಯಲ್ಲಿ ಇಂಗ್ಲಿಷು ಉಳಿಯಿತು. 1362ರಲ್ಲಿ, ಜನಕ್ಕೆ ಫ್ರೆಂಚು ತಿಳಿಯದೆಂಬ ಕಾರಣದಿಂದ, ನ್ಯಾಯಾಲಯದ ವಾದವು ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ಶಾಸನವಾಯಿತು. ಆ ಶಾಸನವನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ! ಇಂಗ್ಲಿಷು ಮತ್ತೆ ಗದ್ದುಗೆಗೆ ಬರುವ ವೇಳೆಗೆ ಸಾವಿರಾರು ಫ್ರೆಂಚು ಪದಗಳು ಅದರಲ್ಲಿ ಬೇರೂರಿದ್ದವು. ಬಂದ ಪದಗಳು ಬರಿಗೈಯಲ್ಲಿ ಬರಲಿಲ್ಲ. ತಮ್ಮ ಒಡೆಯರ ಅಂತಸ್ತನ್ನೂ ಹೊತ್ತು ತಂದವು.

'ಕೇಳು' ಎಂಬುದಕ್ಕೆ 'ಆಸ್ಕ್' ಮನೆಯ ಮಾತು. ಫ್ರೆಂಚಿನ ದಾರಿಯಿಂದ ಬಂದ 'ಕ್ವೆಶ್ಚನ್' ಎಂಬುದರಲ್ಲಿ ಸಂದೇಹದ ಛಾಯೆಯಿದೆ. ಲ್ಯಾಟಿನ್ನಿನಿಂದ ಬಂದ 'ಇಂಟರಾಗೇಟ್' ಪೋಲೀಸರ ಬಾಯಿಗೆ ಒಪ್ಪುವಂಥದು. ಹಾಗೆಯೇ 'ಬಿಗಿನ್' ಮನೆಯದು, 'ಕಮೆನ್ಸ್' ಆಸ್ಥಾನದ್ದು. ಇಂಗ್ಲಿಷನ್ನು ಪುಸ್ತಕಗಳಿಂದಲೂ ಕಚೇರಿಯ ಕಾಗದಗಳಿಂದಲೂ ಕಲಿತ ನಮ್ಮಂಥವರಿಗೆ ಆ ಮನೆಯ ಹಜಾರ ಗೊತ್ತು, ಅಡುಗೆಮನೆ ಗೊತ್ತಿಲ್ಲ.

ಅಡುಗೆಮನೆಯ ಮಾತೇ ಹೆಚ್ಚು ಕಷ್ಟ. 'ಪುಟ್', 'ಅಪ್', 'ವಿತ್' ಮೂರನ್ನೂ ಮಕ್ಕಳು ಬಲ್ಲರು. ಮೂರೂ ಕೂಡಿದರೆ 'ಸಹಿಸಿಕೊ' ಎಂದಾಗುತ್ತದೆ! ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಪರದೇಶೀಯರಿಗೆ ಅತ್ಯಂತ ತೊಡಕಾಗುವುದು ಕ್ರಿಯಾಪದಕ್ಕೆ ಸಣ್ಣ ಪದ ಸೇರಿ ಅರ್ಥ ಬದಲಾಗುವ ಈ ಬಗೆಯೇ ಎಂದು ಒಪ್ಪಿಕೊಂಡಿದ್ದಾನೆ. ನಮ್ಮಲ್ಲೇನು ಕಡಮೆಯೆ? 'ಕೈ'ಯನ್ನೂ 'ಕೊಡು'ವನ್ನೂ ಬಲ್ಲ ಪರಭಾಷೆಯವನು, 'ಗೆಳೆಯ ಕೈಕೊಟ್ಟ' ಎಂದು ಕೇಳಿದರೆ ಸಂತೋಷಪಟ್ಟಾನು.

ಕನ್ನಡ ಪಾಠ ಹೇಳುವವನಿಗೆ ಪದಗಳ ಅಂತಸ್ತೂ ಹೊಸತಲ್ಲ. ನೆಂಟರ ಮನೆಯಲ್ಲಿ 'ಕುಡಿಯಲು ಜಲ ಕೊಡಿ' ಎಂದರೆ ನಗುತ್ತಾರೆ. 'ಗಂಗಾನೀರು' ಎಂದರೂ ಕಿವಿ ಒಪ್ಪದು. ಹಳಗನ್ನಡದಲ್ಲಿ ಅನ್ನಕ್ಕೆ ಸಹಜವಾದ ಮಾತಾಗಿದ್ದ 'ಕೂಳು' ಇಂದು ಎಷ್ಟೋ ಕಡೆ ಬೈಗುಳಕ್ಕೆ ಇಳಿದಿದೆ. ಯಾವ ನಿಘಂಟಿನ ಅರ್ಥವೂ ಇದನ್ನು ಪೂರ್ತಿಯಾಗಿ ಹೇಳಲಾರದು. ಬಳಸುವವರ ನಡುವೆ ಬಾಳಿಯೇ ಕಲಿಯಬೇಕು.

ಈಚೆಗೆ ನನ್ನ ವಿದ್ಯಾರ್ಥಿನಿಯೊಬ್ಬಳು, ಕೆಲಸದ ಸಂದರ್ಶನದಲ್ಲಿ ತನ್ನ ಪುಸ್ತಕದ ಇಂಗ್ಲಿಷಿಗೆ ಯಾರೋ ನಕ್ಕರೆಂದು ಕಣ್ಣೀರಿಟ್ಟಳು. ನಾನು ವ್ಯಾಕರಣ ಹೇಳಲಿಲ್ಲ. 1066ರ ಕಥೆ ಹೇಳಿದೆ. "ನೀನು ಎಡವಿದ್ದು ಒಂಬೈನೂರು ವರ್ಷಕ್ಕೂ ಹಳೆಯ ಹೊಸ್ತಿಲನ್ನಮ್ಮ. ಅದಕ್ಕೆ ನಾಚಬೇಕಾಗಿಲ್ಲ, ನೋಡಿ ದಾಟಿದರೆ ಸಾಕು" ಎಂದೆ.

"ಹಾಗಾದರೆ ಇದು ದಡ್ಡತನವಲ್ಲವೆ, ಸರ್?" ಎಂದಳು.

ಅಂದು ನನ್ನ ಮೇಷ್ಟರನ್ನು ನಾನು ಕೇಳದೆ ಹೋದ ಪ್ರಶ್ನೆ ಅದೇ.