ವೃದ್ಧಾಪ್ಯದ ಪ್ರೋಟೀನು: 1994ರ ಒಂದು ಮರುಲೆಕ್ಕ

ವೃದ್ಧರಿಗೆ ಯುವಕರಿಗಿಂತ ಹೆಚ್ಚು ಪ್ರೋಟೀನು ಬೇಕೆಂಬುದಕ್ಕೆ ವೇಯ್ನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರ 1994ರ ಪ್ರಬಂಧವನ್ನು ಕೊನೆಯ ಮಾತೆಂಬಂತೆ ಮುಂದಿಡುವುದು ಆರೋಗ್ಯ ಬರಹಗಳಲ್ಲಿ ರೂಢಿಯಾಗಿದೆ. ಹಾಗೆ ಮುಂದಿಡುವವರಲ್ಲಿ ಹಲವರು ಅದರ ಸಾರಾಂಶವನ್ನು ದಾಟಿ ಹೋದಂತೆ ತೋರುವುದಿಲ್ಲ.

ಆ ಪ್ರಯೋಗದಲ್ಲಿದ್ದವರು 56ರಿಂದ 80 ವರ್ಷದೊಳಗಿನ 12 ಮಂದಿ ಮಾತ್ರ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನನ್ನು ಒಂದು ಗುಂಪಿಗೂ 1.62 ಗ್ರಾಂ ಅನ್ನು ಇನ್ನೊಂದಕ್ಕೂ ಉಣ್ಣಿಸಿ, ಆಹಾರದೊಡನೆ ಒಳಹೋದ ಸಾರಜನಕಕ್ಕೂ ದೇಹದಿಂದ ಹೊರಬಿದ್ದದ್ದಕ್ಕೂ ಇರುವ ಅಂತರವನ್ನು, ಅಂದರೆ ಸಾರಜನಕ ಸಮತೋಲವನ್ನು, ಅಳೆದಾಗ ಕಡಿಮೆ ಉಂಡವರ ಲೆಕ್ಕ ಕೊರತೆಯಲ್ಲಿ ನಿಂತಿತು. ಆದರೆ ಪ್ರಬಂಧದ ಭಾರವಿರುವುದು ಈ ಹನ್ನೆರಡು ಮಂದಿಯ ಮೇಲಷ್ಟೇ ಅಲ್ಲ. ಹಿಂದಿನ ಮೂರು ಅಧ್ಯಯನಗಳ ಅಂಕಿಗಳನ್ನು 1985ರ ವಿಶ್ವಸಂಸ್ಥೆಯ ತಜ್ಞಸಮಿತಿಯ ಸೂತ್ರದಿಂದ ಮತ್ತೆ ಲೆಕ್ಕ ಹಾಕಿ, ಹೊಸದರೊಡನೆ ಕೂಡಿಸಿ ಸರಾಸರಿ ಅಗತ್ಯವನ್ನು 0.91 ಗ್ರಾಂ ಎಂದೂ, ಸುರಕ್ಷಿತ ಪ್ರಮಾಣವನ್ನು ಉತ್ತಮ ಗುಣಮಟ್ಟದ ಪ್ರೋಟೀನಿನ 1.0ರಿಂದ 1.25 ಗ್ರಾಂ ಎಂದೂ ಲೇಖಕರು ನಿರ್ಣಯಿಸಿದರು. ‘ಉತ್ತಮ ಗುಣಮಟ್ಟದ’ ಎಂಬ ಷರತ್ತು ಉದ್ಧರಣೆಯಿಂದ ಉದ್ಧರಣೆಗೆ ಸಾಗುವಾಗ ಎಲ್ಲೋ ಉದುರಿಹೋಗಿದೆ.

ಈ ಸಮತೋಲದ ಲೆಕ್ಕದಲ್ಲಿ ಮಲಮೂತ್ರಗಳನ್ನು ಸಂಗ್ರಹಿಸಿ ತೂಗಬಹುದಾದರೂ ಬೆವರು, ಉದುರುವ ಚರ್ಮ, ಕೂದಲು, ಉಗುರುಗಳಲ್ಲಿ ಹೋಗುವ ಸಾರಜನಕಕ್ಕೆ ಸಾಮಾನ್ಯವಾಗಿ ಒಂದು ಅಂದಾಜನ್ನೇ ಇಟ್ಟುಕೊಳ್ಳಬೇಕಾಗುತ್ತದೆ. 1985ರ ಸಮಿತಿ ಇದನ್ನು ವಯಸ್ಕರಲ್ಲಿ ಕಿಲೋಗೆ 8 ಮಿಲಿಗ್ರಾಂ ಎಂದು ಹಿಡಿದರೆ, 2003ರಲ್ಲಿ ರ‍್ಯಾಂಡ್, ಪೆಲೆಟ್, ಯಂಗ್ ಎಂಬ ಸಂಶೋಧಕರು ಸಮಶೀತೋಷ್ಣ ಪ್ರದೇಶಗಳಿಗೆ 4.8ಕ್ಕೆ ಇಳಿಸಿದರು. ಸಮತೋಲವೇ ಕೆಲವು ಮಿಲಿಗ್ರಾಂಗಳ ಪ್ರಶ್ನೆಯಾಗಿರುವಾಗ ಇಂಥ ಇಳಿಕೆ ಕೊರತೆಯನ್ನು ಬಹುಮಟ್ಟಿಗೆ ಕರಗಿಸಬಲ್ಲದು. ಇದನ್ನು ಅಡಿಟಿಪ್ಪಣಿಯ ವಿಷಯವೆಂದು ತಳ್ಳಿಹಾಕುವವರು ವಿಧಾನವನ್ನೇ ಅರಿತಿಲ್ಲ.

ಕ್ಯಾಂಪ್‌ಬೆಲ್ ಅವರೇ 2008ರಲ್ಲಿ ಯುವಕರನ್ನೂ ವೃದ್ಧರನ್ನೂ ಒಂದೇ ಕ್ರಮದಲ್ಲಿ ಪರೀಕ್ಷಿಸಿ, ಸರಾಸರಿ ಅಗತ್ಯ ಕ್ರಮವಾಗಿ 0.61 ಮತ್ತು 0.58 ಗ್ರಾಂ ಎಂದು, ಅಂದರೆ ಗಮನಾರ್ಹ ಭೇದವಿಲ್ಲವೆಂದು ಕಂಡರು. ಇಷ್ಟಕ್ಕೇ ವಿವಾದ ಮುಗಿಯಿತೆನ್ನುವ ಎದುರು ಪಕ್ಷದವರ ಉತ್ಸಾಹವನ್ನೂ ಒಪ್ಪಲಾಗದು. ಕ್ಯಾಂಪ್‌ಬೆಲ್ ತಂಡವೇ 2001ರಲ್ಲಿ ಪ್ರಕಟಿಸಿದ, ಎರಡೂ ಕಡೆಯವರು ಅಷ್ಟಾಗಿ ಕಣ್ಣೆತ್ತಿ ನೋಡದ ಪ್ರಯೋಗದಲ್ಲಿ, 0.8 ಗ್ರಾಂ ಆಹಾರದಲ್ಲಿ 14 ವಾರ ಕಳೆದ ಹತ್ತು ಮಂದಿ ಹಿರಿಯರ ಮೂತ್ರದ ಸಾರಜನಕ ಕಾಲಕ್ರಮದಲ್ಲಿ ಇಳಿಯಿತು, ಜೊತೆಗೆ ತೊಡೆಯ ಮಧ್ಯಭಾಗದ ಸ್ನಾಯುವಿನ ವಿಸ್ತೀರ್ಣವೂ ಕುಗ್ಗಿತು. ದೇಹವು ಸ್ನಾಯುವನ್ನು ತೆತ್ತು ಸಮತೋಲದತ್ತ ಸರಿದಿರಬಹುದೆಂಬ ಅನುಮಾನಕ್ಕೆ ಇದಕ್ಕಿಂತ ಬಲವಾದ ಇಂಬು ಈ ಸಾಲಿನ ಅಧ್ಯಯನಗಳಲ್ಲಿಲ್ಲ, ಹತ್ತು ಮಂದಿಯ ಸಾಕ್ಷ್ಯ ಚಿಕ್ಕದೆಂಬುದು ನಿಜವಾದರೂ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಹೇಳಿದ 0.83 ಗ್ರಾಂ ಸಮತೋಲದ ಪರಂಪರೆಯಿಂದಲೇ ಬಂದದ್ದು. ಪ್ರಾಟ್-ಏಜ್ ಅಧ್ಯಯನ ತಂಡವು 2013ರಲ್ಲಿ ಹಿರಿಯರಿಗೆ ಸೂಚಿಸಿದ 1.0ರಿಂದ 1.2 ಗ್ರಾಂ ಮಾತ್ರ ಮುಖ್ಯವಾಗಿ ಸ್ನಾಯುವಿನ ರಚನೆ ಮತ್ತು ಶಕ್ತಿಯ ಅಧ್ಯಯನಗಳನ್ನು ಆಧರಿಸಿದೆ. ಹೆಚ್ಚು ಪ್ರೋಟೀನನ್ನು ಸಮರ್ಥಿಸುವವರು 1994ನ್ನು ಬಿಟ್ಟು ಇದನ್ನು ಉದ್ಧರಿಸುವುದು ಲೇಸು. ಆಗ ಡಯಾಲಿಸಿಸ್‌ಗೆ ಒಳಪಡದ ತೀವ್ರ ಮೂತ್ರಪಿಂಡ ರೋಗಿಗಳನ್ನು ಆ ತಂಡ ಹೊರಗಿಟ್ಟಿರುವುದನ್ನೂ ಜೊತೆಗೆ ಬರೆಯಬೇಕಾಗುತ್ತದೆ.