ದೆವ್ವದ ಮನೆಗೆ ಬಂದ ಡಾಕ್ಟರು

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೊಬ್ಬರು ಪವಾಡಗಳಿಗೆ ಪರೀಕ್ಷೆ ಇಟ್ಟರು. ಕೆಂಗೇರಿಯ ಕಡೆಗೆ ವಿಶ್ವವಿದ್ಯಾಲಯದ ಜ್ಞಾನಭಾರತಿ ಆಗಿನ್ನೂ ಹೊಸ ಆವರಣ. ಖಾದಿ ಪಂಚೆ, ಗಾಂಧಿ ಟೋಪಿಯ ಆ ಕುಲಪತಿ ಎಚ್. ನರಸಿಂಹಯ್ಯ ಓದಿದ್ದು, ಕಲಿಸಿದ್ದು ಭೌತಶಾಸ್ತ್ರ. ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆಂದೇ ಅವರು ಸಮಿತಿಯೊಂದನ್ನು ರಚಿಸಿದರು. ತಮ್ಮ ಶಕ್ತಿಯನ್ನು ಸಮಿತಿಯ ಮುಂದೆ ತೋರಿಸುವಂತೆ ಸತ್ಯಸಾಯಿ ಬಾಬಾ ಅವರಿಗೆ ಬರೆದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಬಾಲಕನನ್ನು ಪರೀಕ್ಷಿಸಿದಾಗ, ವಿಭೂತಿ ಬಟ್ಟೆಯೊಳಗೇ ಇತ್ತು.

ಭಯದ ಕಥೆಗಳಲ್ಲಿ ಇಂಥ ಮನುಷ್ಯನಿಗೆ ಬಹಳ ಹಿಂದೆಯೇ ಒಂದು ಜಾಗ ಸಿಕ್ಕಿತ್ತು, ಆದರೆ ಅದು ನಾಯಕನ ಪಕ್ಕದ ಜಾಗ. 1794ರ ‘ಉಡಾಲ್ಫೋ’ ಕಾದಂಬರಿಯಲ್ಲಿ ಆನ್ ರ‍್ಯಾಡ್‌ಕ್ಲಿಫ್ ಓದುಗರನ್ನು ಹೆದರಿಸಿದ ಸಂಗತಿಗಳಿಗೆಲ್ಲ ಕೊನೆಗೆ ಲೌಕಿಕ ಕಾರಣ ಕೊಟ್ಟುಬಿಡುತ್ತಾಳೆ. ನೂರು ವರ್ಷ ಕಳೆದು, 1897ರ ‘ಡ್ರಾಕುಲಾ’ದಲ್ಲಿ ಗಾಳಿ ತಿರುಗಿದೆ. ಹುಚ್ಚಾಸ್ಪತ್ರೆಯ ವೈದ್ಯ ಸೀವರ್ಡ್ ರಕ್ತ ಬತ್ತುತ್ತಿರುವ ಲೂಸಿಗೆ ರೋಗ ಹುಡುಕುತ್ತಾನೆ, ಸಿಗುವುದಿಲ್ಲ. ಅವನು ಸೋತಷ್ಟೂ ಪಿಶಾಚಿ ನಿಜವಾಗುತ್ತದೆ. ಕಥೆಗಾರನಿಗೆ ಬೇಕಾದದ್ದೂ ಅದೇ: ಓದುಗ ಕೇಳಬೇಕಾದ ಪ್ರಶ್ನೆಯನ್ನು ಇನ್ನೊಬ್ಬ ಮೊದಲೇ ಕೇಳಿ ಸೋಲಬೇಕು.

ಕನ್ನಡ ತೆರೆಯ ಮೇಲೂ ಬಹುಕಾಲ ದೆವ್ವ ಬಿಡಿಸುವ ಕೆಲಸ ದೇವರದ್ದೇ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಅವರ ಪಾತ್ರದ ಮೈಮೇಲೆ ಬಂದ ಪ್ರೇತ ತೊಲಗುವುದು ರಾಘವೇಂದ್ರ ರಾಯರ ಕೃಪೆಯಿಂದ. ಊರೂ ಹಾಗೇ ಇತ್ತು. 1990ರ ದಶಕದಲ್ಲಿ, ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ ಬೆಂಗಳೂರಿನ ಜನ ಮನೆಗಳ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡರು.

ಅಂಥ ಊರಿನಲ್ಲಿ 2004ರಲ್ಲಿ ‘ಆಪ್ತಮಿತ್ರ’ ಬಂತು. ಮೂಲ, ಫಾಜಿಲ್ ನಿರ್ದೇಶನದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಕನ್ನಡದಲ್ಲಿ ನಿರ್ದೇಶಕರು ಪಿ. ವಾಸು, ನಿರ್ಮಾಪಕರು ದ್ವಾರಕೀಶ್. ಹಳೆಯ ಬಂಗಲೆ, ಬೀಗ ಹಾಕಿದ ಕೋಣೆ, ನರ್ತಕಿ ನಾಗವಲ್ಲಿಯ ಸೇಡು, ಎಲ್ಲವೂ ಇದ್ದವು. ಆದರೆ ನಂಬದವನ ಪಾತ್ರಕ್ಕೆ ಬಂದದ್ದು ವಿಷ್ಣುವರ್ಧನ್. ಗೆಳೆಯನ ಮನೆಗೆ ತಡವಾಗಿ ಕಾಲಿಡುವ ಮನೋವೈದ್ಯ ಡಾ. ವಿಜಯ್, ಗೆಳೆಯನ ಹೆಂಡತಿ ಗಂಗಾಳದ್ದು ದೆವ್ವವಲ್ಲ, ಒಡೆದ ಮನಸ್ಸು ಎನ್ನುತ್ತಾನೆ. ಪಕ್ಕದಲ್ಲಿ ನಿಲ್ಲಬೇಕಾದವನು ಶಿಳ್ಳೆ ಗಿಟ್ಟಿಸುವ ನಾಯಕನಾದ.

ಗೆಲುವು ಮಾತ್ರ ಸಲೀಸಲ್ಲ. ರೋಗದ ಹೆಸರು ಹೇಳಿದರೆ ಗಂಗಾ ಗುಣವಾಗುವುದಿಲ್ಲ. ಅವಿನಾಶ್ ಮಾಡಿದ ಮಂತ್ರವಾದಿ ರಾಮಚಂದ್ರ ಆಚಾರ್ಯರ ಜೊತೆ ಡಾಕ್ಟರ್ ಕೈಜೋಡಿಸುತ್ತಾನೆ, ಮಂಡಲ ಬರೆಸುತ್ತಾನೆ. ಅವಳು ಕೊಲ್ಲಬೇಕೆಂದಿದ್ದ ರಾಜನ ಬದಲು ಬೊಂಬೆಯೊಂದರ ಮೇಲೆ ನಾಗವಲ್ಲಿಯ ಸೇಡು ತೀರುತ್ತದೆ. ಜ್ಞಾನಭಾರತಿಯ ಸಮಿತಿ ಕೇಳಿದ್ದು ಪುರಾವೆಯನ್ನು; ಡಾ. ವಿಜಯ್ ಮಾಡುವುದು ನಂಬಿಕೆಯ ವೇಷ ತೊಟ್ಟ ಚಿಕಿತ್ಸೆ. ಹೀಗಾಗಿ ಭಕ್ತನೂ ಸಂಶಯವಾದಿಯೂ ಒಂದೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಕೆಂಗೇರಿ ಬಳಿಯ ಅಭಿಮಾನ್ ಸ್ಟುಡಿಯೋದಲ್ಲಿ. ಮರುವರ್ಷ ತೆರೆಕಂಡ ಮುಂದುವರಿದ ಭಾಗ ‘ಆಪ್ತರಕ್ಷಕ’ದಲ್ಲಿ ಡಾಕ್ಟರೂ ಅವರೇ, ರಾಜನೂ ಅವರೇ. ಆ ರಾಜ ಪ್ರೇತವಲ್ಲ, ನೂರು ದಾಟಿಯೂ ಬದುಕಿರುವ ಮುದುಕ. ಭಯಕ್ಕೆ ಲೌಕಿಕ ಕಾರಣ ಕೊಡಲೇಬೇಕೆಂಬ ಹಟಕ್ಕೆ ಚಿತ್ರ ಮನುಷ್ಯನ ಆಯಸ್ಸನ್ನೇ ಹಿಗ್ಗಿಸಿತು.