ಸಮುದ್ರಪ್ರವಾಹಗಳ ಮಾಪನವೂ ಚಿತ್ರಲೇಖನವೂ

ಸಮುದ್ರದ ನೀರು ಒಂದೆಡೆ ನಿಲ್ಲತಕ್ಕುದಲ್ಲವೆಂಬುದು ನಾವಿಕರಿಗೆ ಬಹುಕಾಲದಿಂದ ತಿಳಿದ ಸಂಗತಿ. ಆದರೆ ಆ ಚಲನೆಯನ್ನು ಅಳೆದು ರೇಖೆಗಳಲ್ಲಿ ನಿರೂಪಿಸುವ ಶಾಸ್ತ್ರವು ಈಚಿನದು. ಬಂಗಾಳದ ಭೂಮಾಪನದಿಂದ ಪ್ರಸಿದ್ಧನಾದ ಜೇಮ್ಸ್ ರೆನೆಲ್ಲನು ಹಡಗುಗಳ ದಿನಚರಿಗಳನ್ನು ಶೋಧಿಸಿ ಅಟ್ಲಾಂಟಿಕ್ ಪ್ರವಾಹಗಳನ್ನು ಕುರಿತು ಬರೆದ ಗ್ರಂಥವು ಅವನ ಮರಣಾನಂತರ ೧೮೩೨ರಲ್ಲಿ ಪ್ರಕಟವಾಯಿತು. ಗಣಿತದಿಂದ ಹಡಗು ಇರಬೇಕಾದ ಸ್ಥಾನಕ್ಕೂ ಅದು ನಿಜವಾಗಿ ಇದ್ದ ಸ್ಥಾನಕ್ಕೂ ಉಂಟಾದ ಅಂತರವನ್ನೇ ಪ್ರವಾಹವೆಂದು ಎಣಿಸುವ ಈ ಕ್ರಮದಿಂದ ಮೇಲಣ ನೀರಿನ ಗತಿಯು ತಿಳಿಯುವುದೇ ಹೊರತು ಆಳದ ಗತಿಯು ತಿಳಿಯದು.

೧೮೯೩ರಿಂದ ೧೮೯೬ರ ವರೆಗೆ ನಡೆದ 'ಫ್ರಾಮ್' ನೌಕೆಯ ಯಾತ್ರೆಯಲ್ಲಿ ಉತ್ತರಧ್ರುವಸಾಗರವನ್ನು ಸಂಚರಿಸಿದ ನಾನ್ಸೆನ್ನನು, ಹಿಮವು ಗಾಳಿಯ ದಿಕ್ಕಿಗೆ ೨೦ರಿಂದ ೪೦ ಅಂಶಗಳಷ್ಟು ಬಲಕ್ಕೆ ಸರಿಯುವುದನ್ನು ಕಂಡನು. ಇದಕ್ಕೆ ಭೂಭ್ರಮಣವೂ ಜಲಸ್ತರಗಳ ಘರ್ಷಣವೂ ಕಾರಣಗಳೆಂದು ಸ್ವೀಡನ್ನಿನ ಎಕ್ಮನ್ ಸಾಧಿಸಿದನು. ೧೯೦೫ರ ಅವನ ಪ್ರಬಂಧದ ಪ್ರಕಾರ, ಕೆಳಗಿಳಿದಂತೆಲ್ಲ ಪ್ರವಾಹವು ಕುಗ್ಗುತ್ತ ಮತ್ತಷ್ಟು ತಿರುಗಿ ಸುರುಳಿಯ ಆಕಾರವನ್ನು ತಾಳುವುದು. ಅವನು ರಚಿಸಿದ ಪ್ರವಾಹಮಾಪಕದಲ್ಲಿ ಚಕ್ರವು ತಿರುಗಿದಂತೆ ಸಣ್ಣ ಲೋಹದ ಗುಂಡುಗಳು ಜಾರಿ, ದಿಕ್ಸೂಚಿಯ ಕೆಳಗಿನ ೩೬ ಮನೆಗಳಲ್ಲಿ ಬೀಳುತ್ತಿದ್ದುವು. ಒಂದೊಂದು ಮನೆಗೆ ೧೦ ಅಂಶ.

ಆದರೆ ಹಿಮವಿಲ್ಲದ ತೆರೆದ ಸಾಗರದಲ್ಲಿ ಈ ಸುರುಳಿಯನ್ನು ಸ್ಪಷ್ಟವಾಗಿ ತೋರಿಸುವುದು ಬಹುಕಾಲ ದುಸ್ಸಾಧ್ಯವಾಗಿದ್ದಿತು. ಅಲೆ, ಭರತ, ಬಿರುಗಾಳಿ ಇವೆಲ್ಲದರ ಚಲನೆಗಳು ಒಂದೇ ನೀರಿನಲ್ಲಿ ಬೆರೆತಿರುವುದರಿಂದ ಒಂದು ದಿನದ ಅಳತೆಯು ಸಾಕ್ಷ್ಯವಾಗಲಾರದು. ೧೯೬೦ರ ದಶಕದಲ್ಲಿ ನಾರ್ವೆಯ ಆಂಡೆರಾ ಎಂಬವನ ಮಾಪಕವು ಅಳತೆಗಳನ್ನು ಕಾಂತಪಟ್ಟಿಯ ಮೇಲೆ ತಾನೇ ಬರೆದುಕೊಳ್ಳತೊಡಗಿದ ಮೇಲೆ ತಿಂಗಳುಗಟ್ಟಲೆಯ ಅಂಕಿಗಳು ದೊರೆತುವು. ಅವನ್ನು ಅರ್ಥಮಾಡುವ ಭಾರವು ಗಣಕಯಂತ್ರಕ್ಕೆ ಬಿದ್ದಿತು.

ಇಲ್ಲಿ ಸಾಮಾನ್ಯ ಸರಾಸರಿಯು ಮೋಸಗೊಳಿಸುವುದು. ೩೫೦ ಮತ್ತು ೧೦ ಅಂಶಗಳೆರಡೂ ಉತ್ತರಕ್ಕೆ ಸಮೀಪವಾದ ದಿಕ್ಕುಗಳು. ಅವುಗಳ ಅಂಕಗಳ ಸರಾಸರಿಯಾದ ೧೮೦ ಅಂಶವಾದರೋ ನೇರ ದಕ್ಷಿಣ! ಆದುದರಿಂದ ಪ್ರತಿಯೊಂದು ವೇಗವನ್ನೂ ಪೂರ್ವ ಮತ್ತು ಉತ್ತರ ಭಾಗಗಳಾಗಿ ಒಡೆದೇ ಸರಾಸರಿ ಹಿಡಿಯಬೇಕು. ಪ್ರೈಸ್, ವೆಲ್ಲರ್, ಶುಡ್ಲಿಕ್ ಎಂಬ ಮೂವರು ಪಶ್ಚಿಮ ಸಾರ್ಗಾಸೋ ಸಮುದ್ರದಲ್ಲಿ ಲಂಗರು ಹಾಕಿದ ಮಾಪಕಗಳ ದೀರ್ಘಕಾಲದ ಅಂಕಿಗಳನ್ನು ಗಾಳಿಯ ದಿಕ್ಕಿಗೆ ಹೊಂದಿಸಿ ಸರಾಸರಿ ಹಿಡಿದು, ೧೯೮೭ರಲ್ಲಿ ಸುರುಳಿಯನ್ನು ಪ್ರಕಟಪಡಿಸಿದರು. ಅದು ಎಕ್ಮನ್ನನ ಸುರುಳಿಗಿಂತ ಚಪ್ಪಟೆಯಾಗಿದ್ದಿತು; ಆದರೂ ಒಟ್ಟು ಜಲಸಾಗಣೆಯು ಅವನ ಸಿದ್ಧಾಂತಕ್ಕೆ ಒಪ್ಪಿದ್ದಿತು.

ನ್ಯೂಜಿಲೆಂಡಿನಲ್ಲಿ ಇಹಾಕಾ ಮತ್ತು ಜೆಂಟಲ್‌ಮನ್ ೧೯೯೦ರ ದಶಕದಲ್ಲಿ ನಿರ್ಮಿಸಿದ 'ಆರ್' ಎಂಬ ಸಂಖ್ಯಾಶಾಸ್ತ್ರೀಯ ಗಣಕಭಾಷೆಯೂ, ಅದರಲ್ಲಿ ಕೆನಡಾದ ಡಾನ್ ಕೆಲ್ಲಿ ಮೊದಲಾದವರು ರಚಿಸಿದ ಸಮುದ್ರಶಾಸ್ತ್ರೋಪಯೋಗಿ ಸಾಧನವೂ ಇಂತಹ ಲೇಖನವನ್ನು ಸುಲಭಗೊಳಿಸಿವೆ. ಆದರೆ ಸೌಲಭ್ಯದೊಡನೆ ಭ್ರಾಂತಿಗೂ ಅವಕಾಶವುಂಟು. ಕ್ಷಣಕ್ಷಣದ ಬಾಣಗಳನ್ನು ತುದಿಗೆ ತುದಿ ಜೋಡಿಸಿದರೆ ನೀರು ನಡೆದ ಹಾದಿಯಂತೆ ತೋರುವ ವಕ್ರರೇಖೆಯೊಂದು ಮೂಡುವುದು. ವಾಸ್ತವದಲ್ಲಿ ಮಾಪಕವು ಕಂಡುದು ತನ್ನೆದುರು ಹಾದುಹೋದ ನೀರನ್ನಷ್ಟೆ. ಮುಂದೆ ಆ ನೀರು ಎತ್ತ ಹೋಯಿತೆಂಬುದನ್ನು ಅದು ಅರಿಯದು. ಸುತ್ತಣ ನೀರೆಲ್ಲವೂ ಒಂದೇ ರೀತಿ ಚಲಿಸಿದ್ದರೆ ಮಾತ್ರ ಆ ರೇಖೆಯು ದಾರಿಯೆನಿಸುವುದು. ಈ ಭೇದವನ್ನು ಗಮನಿಸುವ ಹೊಣೆಯು ಚಿತ್ರವನ್ನು ಓದುವವನದೇ ಆಗಿರುವುದು.